ಮೂರು ಸುತ್ತಿನ ಕಟ್ಟು

ನಿವೃತ್ತಿಗೆ ಒಂದು ವರ್ಷ ಉಳಿದಿರುವಾಗ ನನ್ನ ಸೇವಾ ಪುಸ್ತಕದಲ್ಲಿ ಒಂದು ಸಹಿ ಬಿಟ್ಟುಹೋಗಿರುವುದು ಗೊತ್ತಾಯಿತು. ಅದಕ್ಕಾಗಿ ಕಳೆದ ತಿಂಗಳು, ಈಗ ನಾನು ಕಲಿಸುವ ಹೊರ್ತಿಯಿಂದ ಸಿಂದಗಿಗೆ ಹೋಗಿ, ಅಲ್ಲಿಂದ ಯಂಕಂಚಿ ಕಡೆಯ ಬಸ್ಸು ಹಿಡಿದು, ಹಿಂದೆ ಒಂಬತ್ತು ವರ್ಷ ವಿಜ್ಞಾನ ಕಲಿಸಿದ ಶಾಲೆಗೆ ಹೋದೆ. ಆ ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ನಡೆದದ್ದಕ್ಕೆ ಊರು ಕಾರಣವಲ್ಲ.

ಸಹಿ ಹತ್ತು ನಿಮಿಷದಲ್ಲಿ ಆಯಿತು. ಈಗ ಅಲ್ಲಿ ವಿಜ್ಞಾನ ಕಲಿಸುವ ಅಶ್ವಿನಿ ಎಂಬ ಶಿಕ್ಷಕಿ, "ಮೇಡಂ, ನಿಮ್ಮ ಕಾಲದ ಕಪಾಟು ತಗದು ಸ್ವಚ್ಛ ಮಾಡಾಕತ್ತೇವ್ರಿ. ನಿಮ್ಮ ಅಕ್ಷರದಾಗ ಏನೇನೋ ಅದಾವ. ಒಂದ್ಸಲ ನೋಡ್ರಿ, ಇಲ್ಲಂದ್ರ ರದ್ದಿಗೆ ಹೋಗ್ತೈತಿ" ಎಂದು ಕರೆದಳು. ಕಪಾಟಿನ ಬಾಗಿಲು ತೆರೆದಾಗ ಡಾಂಬರು ಗುಳಿಗೆಯ ವಾಸನೆ, ಅದರ ಹಿಂದೆ ಹಳೆಯ ಎನಾಮಲ್ ಬಣ್ಣದ ವಾಸನೆ ಬಂತು. ಆ ಎರಡನೆಯ ವಾಸನೆ ಮೂಗಿಗೆ ತಾಗಿದ ಕೂಡಲೇ ನಾನು ಏನನ್ನು ಕಾಣಲಿದ್ದೇನೆ ಎಂದು ಗೊತ್ತಾಯಿತು. ಚಾರ್ಟುಗಳ ಸುರುಳಿಗಳ ಹಿಂದೆ, ಕಪಾಟಿನ ತಗಡಿಗೆ ಆನಿಕೊಂಡು, ಕಾಗದದ ಹೊದಿಕೆಯಲ್ಲಿ ಒಂದು ಸಿಡಿ ಇತ್ತು. ಅದರ ಮೇಲೆ ನನ್ನ ಅಕ್ಷರದಲ್ಲಿ "ಹಾವು ಕಚ್ಚಿದರೆ – ತಿದ್ದಿದ್ದು" ಎಂದು ಬರೆದಿತ್ತು.

ಅಶ್ವಿನಿ ಶಾಲೆಯ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿದಳು. ಪುಟ ತೆರೆದುಕೊಂಡಿತು. ಮೇಲೆ ಪಾಠದ ಹೆಸರು, ಕೆಳಗೆ ನನ್ನ ಹೆಸರು. ಚಿತ್ರ ಬರಬೇಕಾದ ನಡುವಿನ ಜಾಗದಲ್ಲಿ ಬೂದುಬಣ್ಣದ ಒಂದು ಚೌಕ ಮಾತ್ರ ಇತ್ತು.

"ಇದು ಫ್ಲ್ಯಾಶ್‌ನಾಗ ಮಾಡಿದ್ದಲ್ರಿ ಮೇಡಂ? ಅದು ಬಂದ್ ಆಗಿ ಭಾಳ ದಿನ ಆತು. ಈಗ ಯಾವ ಬ್ರೌಸರಿನ್ಯಾಗೂ ಓಡಂಗಿಲ್ಲ" ಎಂದಳು.

ನನಗೆ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ಆ ಚೌಕದೊಳಗೆ ಏನಿತ್ತು, ಅದರಿಂದ ಏನಾಯಿತು ಎನ್ನುವುದನ್ನು ನೆನಪಿರುವಷ್ಟು ಸರಿಯಾಗಿ ಬರೆಯುತ್ತೇನೆ.

ಅದು ನಮ್ಮ ಶಾಲೆಗೆ ಮೊದಲ ಸಲ ಕಂಪ್ಯೂಟರು ಬಂದ ವರ್ಷ. ನಾಲ್ಕು ಬಂದವು, ಮೂರು ಓಡಿದವು. ಜೊತೆಗೆ ಕೊಟ್ಟ ಸಿಡಿಗಳಲ್ಲಿದ್ದ ಪಾಠಗಳು ಇಂಗ್ಲಿಷಿನಲ್ಲಿದ್ದವು. ಅವುಗಳಲ್ಲಿ ಹಿಮಕರಡಿಯಿತ್ತು, ಸೇಬಿನ ಗಿಡವಿತ್ತು. ನಮ್ಮ ಮಕ್ಕಳು ಹಿಮಕರಡಿಯ ಮೇಲೆ ಒತ್ತಿ ಒತ್ತಿ ನಕ್ಕರು, ಮೂರನೆಯ ದಿನಕ್ಕೆ ಬೇಸರಪಟ್ಟರು. ನಮ್ಮ ಹೊಲ, ನಮ್ಮ ಮಾತು ಇರುವ ಪಾಠ ನಾವೇ ಮಾಡಿದರೆ ಹೇಗೆ ಎಂದು ನನಗೆ ಅನಿಸಿತು. ತಿಂಗಳ ಸಭೆಯಲ್ಲಿ ಹೇಳಿದೆ. ಸುತ್ತಲಿನ ಹನ್ನೊಂದು ಶಾಲೆಗಳವರು, ನೀವು ಮಾಡಿದರೆ ನಮಗೂ ಒಂದು ಪ್ರತಿ ಕೊಡಿ ಎಂದರು.

ಮಾಡುವವರು ಯಾರು? ಸಿಂದಗಿ ಬಸ್ ಸ್ಟ್ಯಾಂಡಿನ ಹಿಂದೆ ಬೋರ್ಡು ಬರೆಯುತ್ತಿದ್ದ ಇಮಾಮಸಾಬರು ನೆನಪಾದರು. ಐವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ಉಗುರುಗಳಲ್ಲಿ ಯಾವಾಗಲೂ ಎನಾಮಲ್ ಬಣ್ಣ. ಅಂಗಡಿಯ ಹೆಸರು, ಟ್ರ್ಯಾಕ್ಟರಿನ ಹಿಂದಿನ ಹೂವು, ಗೋಡೆಯ ಮೇಲಿನ ಸಿಮೆಂಟು ಜಾಹೀರಾತು ಎಲ್ಲವನ್ನೂ ಅವರೇ ಬರೆದಿದ್ದರು. ಫ್ಲೆಕ್ಸ್ ಬಂದ ಮೇಲೆ ಕುಂಚದ ಕೆಲಸ ನಿಂತಿತ್ತು. ಅಳಿಯನ ಡಿಟಿಪಿ ಅಂಗಡಿಯಲ್ಲಿ ಕೂತು, ಇಂಗ್ಲಿಷ್ ಓದಲು ಬಾರದಿದ್ದರೂ, ಮೇಲಿನ ಸಾಲಿನ ಮೂರನೆಯದು, ಅದರ ಕೆಳಗಿನ ಐದನೆಯದು ಎಂದು ಜಾಗ ನೆನಪಿಟ್ಟುಕೊಂಡು ಫ್ಲ್ಯಾಶ್ ಕಲಿತಿದ್ದರು. ಅದರಲ್ಲಿ ಚಿತ್ರ ಬರೆಯಬಹುದು, ಬರೆದದ್ದನ್ನು ಚಲಿಸುವಂತೆ ಮಾಡಬಹುದು, ಚಿತ್ರದ ಒಂದೊಂದು ಭಾಗವನ್ನು ಗುಂಡಿಯನ್ನಾಗಿ ಮಾಡಬಹುದು. ನೋಡುವವರು ಒತ್ತಿದಂತೆ ಕಥೆ ನಡೆಯುತ್ತದೆ.

"ಮೌಸ್ ಹಿಡಕೊಂಡು ಚಿತ್ರ ತಗಿಯೂದಂದ್ರ ಹಸಿ ಸಾಬೂನ ಹಿಡಕೊಂಡು ಸಹಿ ಮಾಡಿದಂಗ್ರಿ ಅಕ್ಕೋರ" ಎನ್ನುತ್ತಿದ್ದರು ಅವರು. "ಆದ್ರ ಒಂದು ಸುಖ ಐತಿ. ಬಣ್ಣ ಒಣಗೂ ತನಕ ಕಾಯೂದಿಲ್ಲ."

ಜುಲೈ ತಿಂಗಳಿನಿಂದ ಅವರು ವಾರಕ್ಕೆರಡು ದಿನ ಶಾಲೆಗೆ ಬರತೊಡಗಿದರು. ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂದಿತ್ತು. ತೊಗರಿ ಮೊಣಕಾಲೆತ್ತರ ಬೆಳೆದಿತ್ತು, ಕರಿಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲು ಒಂದೊಂದು ಸೇರು ಭಾರವಾಗುತ್ತಿತ್ತು. ಮೊದಲ ಪಾಠಕ್ಕೆ ನಾನು ಹಾವಿನ ಕಡಿತವನ್ನು ಆರಿಸಿದೆ. ಮಕ್ಕಳೆಲ್ಲ ಹೊಲಕ್ಕೆ ಹೋಗುವವರು. ಪಾಠ ಅವರ ಜೀವಕ್ಕೆ ಬೇಕಾದದ್ದಾಗಿರಲಿ ಎಂದು ಆರಿಸಿದೆ. 

ಪರದೆಯ ಮೇಲೆ ತೊಗರಿ ಹೊಲ. ಬದುವಿನ ಮೇಲೆ ಒಬ್ಬ ಮನುಷ್ಯ ಮಲಗಿದ್ದಾನೆ, ಅವನ ಕೈಗೆ ಹಾವು ಕಚ್ಚಿದೆ. ಬಲಗಡೆ ಬಟ್ಟೆ, ಬ್ಲೇಡು, ನೀರಿನ ತಂಬಿಗೆ, ಜೀಪು. ಮೊದಲು ಯಾವುದನ್ನು ಒತ್ತಬೇಕು? ನಾನು ತರಬೇತಿಯಲ್ಲಿ ಕಲಿತ ಹಳೆಯ ಪ್ರಥಮ ಚಿಕಿತ್ಸೆಯ ಪುಸ್ತಕದಂತೆ ಬರೆದುಕೊಟ್ಟೆ. ಬಟ್ಟೆ ಒತ್ತಬೇಕು. ಬಟ್ಟೆ ಹಾರಿ ಬಂದು ಮಣಿಕಟ್ಟಿನ ಮೇಲೆ ಗಂಟಾಗುತ್ತದೆ, ಗಂಟಿನೊಳಗೆ ಒಂದು ಕೋಲು ತೂರುತ್ತದೆ, ಕೋಲು ಮೂರು ಸುತ್ತು ತಿರುಗಿ ಕಟ್ಟು ಬಿಗಿಯುತ್ತದೆ. ಆ ಮೂರು ಸುತ್ತುಗಳಿಗೆ ಇಮಾಮಸಾಬರು ನಾಲ್ಕು ದಿನ ಕೂತರು. ಒಂದೊಂದು ಚಿತ್ರವನ್ನೂ ಬೇರೆಬೇರೆಯಾಗಿ ಬರೆದರು. ಕೋಲು ತಿರುಗಿದಂತೆ ಬಟ್ಟೆಯ ನೆರಿಗೆ ಕೂಡಿಕೊಳ್ಳುವುದು ಕೂಡ ಕಾಣುತ್ತಿತ್ತು. ಅಷ್ಟು ಚೆಂದದ ಕೆಲಸವನ್ನು ನಾನು ಕಂಪ್ಯೂಟರಿನಲ್ಲಿ ಆಮೇಲೆ ನೋಡಿಲ್ಲ.

ಮಲಗಿದ ಮನುಷ್ಯನಿಗೆ ಹುರಿಮೀಸೆ ಇತ್ತು. ಹೆಡ್ ಸರ್ ನೋಡಿ, "ಏನ್ರಿ ಪೇಂಟರ್, ಪಗಾರ ಕೊಡಾಂವನ್ನ ಹೊಲದಾಗ ಮಲಗಿಸಿ ಹಾವಿನ ಕಡೆಯಿಂದ ಕಡಿಸಾಕತ್ತೀರಿ?" ಎಂದರು.

"ಮೀಸಿ ಬಿಟ್ಟ್ರ ಎಲ್ಲಾ ಹೆಡ್ ಮಾಸ್ತರೂ ಹಿಂಗ ಕಾಣ್ತಾರ್ರಿ ಸಾಹೇಬ್ರ" ಎಂದರು ಇಮಾಮಸಾಬರು, ಪರದೆಯಿಂದ ಕಣ್ಣು ತೆಗೆಯದೆ.

ಸರಿಯಾದದ್ದನ್ನು ಒತ್ತಿದರೆ ಒಂದು ದನಿ ಬೇಕಿತ್ತು. ಏಳನೆಯ ತರಗತಿಯ ಮಹಾನಂದಾ ಪ್ರಾರ್ಥನೆ ಹೇಳಿದರೆ ರಸ್ತೆಯವರೆಗೂ ಕೇಳುತ್ತಿತ್ತು. ಶಾಲೆಯ ಹಿಂದೆಯೇ ಅವರ ಮನೆ. ತಂದೆ ಇರಲಿಲ್ಲ. ತಾಯಿ ಶಾಂತವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ಕರೆಂಟು ಇದ್ದು ಫ್ಯಾನು ನಿಲ್ಲಿಸಿದ್ದ ಒಂದು ಮಧ್ಯಾಹ್ನ ಮಹಾನಂದಾಳನ್ನು ಮೈಕಿನ ಮುಂದೆ ಕೂರಿಸಿದೆವು. ಅವಳು ಕಣ್ಣು ಮುಚ್ಚಿ, "ಶಾಬಾಸ್! ಜೀವ ಉಳೀತು!" ಎಂದು ಕೂಗಿದಳು. ಅದೇ ಹೊತ್ತಿಗೆ ಹೊರಗಿನಿಂದ ಅವಳ ಬೆನ್ನು ಹತ್ತಿ ಬಂದಿದ್ದ ಆಡು ಒಮ್ಮೆ ಅರಚಿತು. ಇನ್ನೊಮ್ಮೆ ಹೇಳಿಸೋಣ ಎಂದೆ. ಇಮಾಮಸಾಬರು ಒಪ್ಪಲಿಲ್ಲ. "ಇರಲಿ ಬಿಡ್ರಿ. ಹೊಲ ಅಂದ್ಮ್ಯಾಲೆ ಆಡು ಬ್ಯಾಡೇನು?" ಹಿಂದೆ ಇಡೀ ತರಗತಿಯ ಚಪ್ಪಾಳೆಯನ್ನು ಸೇರಿಸಿದರು.

ನವೆಂಬರಿನಲ್ಲಿ ಮಕ್ಕಳ ಆರೋಗ್ಯ ತಪಾಸಣೆಗೆ ಒಬ್ಬ ಡಾಕ್ಟರು ಬಂದರು. ಹಲ್ಲು, ಕಣ್ಣು ನೋಡಿ ಮುಗಿದ ಮೇಲೆ ನಾನು ಹೆಮ್ಮೆಯಿಂದ ಪಾಠ ತೋರಿಸಿದೆ. ಅವರು ನಗುತ್ತ ನೋಡುತ್ತಿದ್ದರು. ಕೋಲು ಮೂರು ಸುತ್ತು ತಿರುಗಿದಾಗ ನಗು ನಿಂತಿತು.

"ಇದನ್ನ ತಗೀರಿ ಟೀಚರ್. ಬಿಗದು ಕಟ್ಟಬಾರದು. ನಮ್ಮ ಕಡೆ ಕೊಳಕುಮಂಡಲ ಜಾಸ್ತಿ. ಅದು ಕಚ್ಚಿದಾಗ ಹಿಂಗ ಬಿಗದ್ರ ವಿಷ ಒಂದ ಕಡೆ ಕೂತು ಅಷ್ಟೂ ಮಾಂಸ ಕೊಳಿತೈತಿ. ಕೈ ಅಲುಗಾಡದಂಗ ಹಗುರಕ್ಕ ಒಂದು ಹಲಗಿ ಇಟ್ಟು, ಸೀದಾ ದವಾಖಾನಿಗೆ ತರಬೇಕು. ಅಷ್ಟ."

ಅಂದೇ ಇಮಾಮಸಾಬರಿಗೆ ಫೋನು ಮಾಡಿದೆ. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದರು. ತಮ್ಮ ನಾಲ್ಕು ದಿನದ ಕೆಲಸವನ್ನು ಕೂತಲ್ಲೇ ತೆಗೆದರು. ಈಗ ಬಟ್ಟೆ ಒತ್ತಿದರೆ ಕೆಂಪು ಗೀಟು ಬಂದು ಅಡ್ಡ ನಿಲ್ಲುತ್ತಿತ್ತು. ಮಹಾನಂದಾಳ ಶಾಬಾಸ್ ಜೀಪಿಗೆ ಹೋಯಿತು. ಇಬ್ಬರೂ ಓಡಿಸಿ ನೋಡಿದೆವು. ಸರಿಯಾಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಆ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವ ಫೈಲು ಬೇರೆ, ಪುಟದ ಮೇಲೆ ಆಡುವ ಫೈಲು ಬೇರೆ. ಮೊದಲನೆಯದರಲ್ಲಿ ತಿದ್ದಿ, ಪಬ್ಲಿಷ್ ಎಂಬಲ್ಲಿ ಒತ್ತಿದರೆ ಎರಡನೆಯದು ಹೊಸದಾಗಿ ಹುಟ್ಟುತ್ತದೆ. ಇಮಾಮಸಾಬರು ನನಗೆ ಇದನ್ನು ಮೊದಲ ವಾರವೇ ಹೇಳಿಕೊಟ್ಟಿದ್ದರು. "ಇದು ಹಿಟ್ಟರಿ, ಅದು ರೊಟ್ಟಿ. ಹಿಟ್ಟಿನ್ಯಾಗ ಏನ ಬೇಕಾದ್ದು ಕಲಸ್ರಿ. ಬೆಂದ ರೊಟ್ಟಿಯೊಳಗ ಏನೂ ಕಲಸಾಕ ಬರಂಗಿಲ್ಲ. ಹೊಸಾದ ಬಡೀಬೇಕು." ಪರೀಕ್ಷೆಗೆಂದು ಓಡಿಸಿ ನೋಡಿದ್ದು ಅವರು ಕೆಲಸ ಮಾಡುವ ಫೋಲ್ಡರಿನಲ್ಲೇ ಉಳಿಯುತ್ತಿತ್ತು. ಸಿಡಿಗೆ ಹೋಗುವ ಪುಟ ಬೇರೊಂದು ಫೋಲ್ಡರಿನಲ್ಲಿತ್ತು. ಅಲ್ಲಿಗೆ ಹೊಸದು ಹೋಗಬೇಕಾದರೆ ಪಬ್ಲಿಷ್ ಒತ್ತಲೇಬೇಕು. ಕರೆಂಟು ಹೋದದ್ದರಿಂದ ಒತ್ತಿರಲಿಲ್ಲ. ಕರೆಂಟು ಬಂದ ಮೇಲೆ ಒತ್ತೋಣ ಎಂದು ಕಾಯುತ್ತ ಕೂತರು. ಕೊನೆಯ ಬಸ್ಸಿನ ಹೊತ್ತಾಯಿತೆಂದು ಹೊರಟರು. ಮರುದಿನ ಅವರ ಕಿರಿಯ ಮಗಳ ನಿಶ್ಚಯ ಇತ್ತು.

ಸೋಮವಾರ ಸಭೆ. ಹನ್ನೊಂದು ಶಾಲೆಗಳಿಗೆ ಹನ್ನೊಂದು ಸಿಡಿ, ನಮ್ಮದೊಂದು. ಶನಿವಾರ, ಪಬ್ಲಿಷ್ ಒತ್ತುವುದು ಬಾಕಿ ಇದೆ ಎಂಬುದನ್ನು ಮರೆತು, ನಾನೇ ಕೂತು ಹನ್ನೆರಡನ್ನೂ ಮಾಡಿದೆ. ಒಂದನ್ನು ತೆರೆದು ನೋಡಿದೆ. ತೊಗರಿ ಹೊಲ ಬಂತು, ಮೀಸೆಯ ಮನುಷ್ಯ ಬಂದ. ಸರಿ ಇದೆ ಎಂದು ಮುಚ್ಚಿದೆ. ಬಟ್ಟೆ ಒತ್ತಿ ನೋಡಲಿಲ್ಲ. ಒಂದೊಂದರ ಮೇಲೂ ದುಂಡಾದ ಅಕ್ಷರದಲ್ಲಿ "ತಿದ್ದಿದ್ದು" ಎಂದು ಬರೆದೆ.

ಇನ್ನೊಂದನ್ನೂ ಮುಚ್ಚಿಡಬಾರದು. ಮಕ್ಕಳನ್ನು ನಾಲ್ಕು ನಾಲ್ಕು ಮಂದಿ ಕಂಪ್ಯೂಟರ್ ಕೋಣೆಗೆ ಕಳಿಸುತ್ತಿದ್ದೆ. ಆ ವಾರ ಏಳನೆಯ ತರಗತಿಯವರಿಗೆ ಹೇಳಿದೆ: "ಹಾವಿನ ಪಾಠ ತಿದ್ದೀವಿ. ಮೊದಲಿಂದು ಮರತುಬಿಡ್ರಿ. ಈಗ ಹ್ಯಾಂಗ ತೋರಸ್ತದ ಹಂಗ ಮಾಡಬೇಕು." ಬಾಯಿಮಾತಿನಲ್ಲಿ, ಕಟ್ಟಬೇಡಿ ಎಂದು ಎರಡು ಶಬ್ದ ಹೇಳಬಹುದಿತ್ತು. ಹೇಳಲಿಲ್ಲ. ಕಂಪ್ಯೂಟರು ನನಗಿಂತ ಚೆನ್ನಾಗಿ ಹೇಳುತ್ತದೆ ಎಂದು ನಂಬಿದ್ದೆ. ನಾನು ಹೊರಗೆ ಕೂತು ನೋಟ್‌ಬುಕ್ ತಿದ್ದುತ್ತಿದ್ದಾಗ ಮಹಾನಂದಾ ಬಂದು, "ಅಕ್ಕೋರ, ಏನೂ ಬದಲಾಗಿಲ್ಲಲ್ರಿ. ನನ್ನ ದನಿ ಅಲ್ಲೇ ಐತಿ" ಎಂದಳು. ನಾನು ತಲೆ ಎತ್ತದೆ, "ಸಣ್ಣ ತಿದ್ದುಪಡಿ ಅದ. ಸರಿಯಾಗಿ ನೋಡು, ಹೋಗು" ಎಂದೆ. ಅವಳು ಹೋಗಿ ಮತ್ತೊಮ್ಮೆ ಸರಿಯಾಗಿ ನೋಡಿದಳು.

ಡಿಸೆಂಬರ್ ಅರ್ಧಕ್ಕೆ ತೊಗರಿ ಕೊಯ್ಲು. ಭಾನುವಾರ ಮಹಾನಂದಾ ತಾಯಿಯೊಡನೆ ಹೊಲಕ್ಕೆ ಹೋಗಿದ್ದಳು. ಬೆಳಿಗ್ಗೆ ಹತ್ತರ ಸುಮಾರಿಗೆ ಶಾಂತವ್ವ ಕೊಯ್ದು ಬಿಟ್ಟಿದ್ದ ತೊಗರಿಯ ಸೂಡು ಎತ್ತಲು ಬಲಗೈ ಹಾಕಿದಾಗ ಕೆಳಗೆ ಕೊಳಕುಮಂಡಲ ಇತ್ತು. ತೋರುಬೆರಳಿನ ಬುಡಕ್ಕೆ ಕಚ್ಚಿತು. ಹೆಂಗಸರು ಚೀರಾಡಿದರು. ಮಹಾನಂದಾ ಚೀರಲಿಲ್ಲವಂತೆ. ತಾಯಿಯ ಸೀರೆಯ ಸೆರಗನ್ನು ಹರಿದಳು, ಮಣಿಕಟ್ಟಿನ ಮೇಲೆ ಗಂಟು ಹಾಕಿದಳು, ತೊಗರಿ ಕಟ್ಟಿಗೆಯೊಂದನ್ನು ಮುರಿದು ಗಂಟಿನೊಳಗೆ ತೂರಿಸಿ ತಿರುವಿದಳು. ಟ್ರ್ಯಾಕ್ಟರು ಸಿಕ್ಕು, ರಸ್ತೆಗೆ ಬಂದು, ಟೆಂಪೋ ಹಿಡಿದು ಸಿಂದಗಿಯ ದವಾಖಾನೆ ಮುಟ್ಟುವಾಗ ಮಧ್ಯಾಹ್ನ ಎರಡು ದಾಟಿತ್ತು. ನಾಲ್ಕು ಗಂಟೆ ಕಾಲ ದಾರಿಯುದ್ದಕ್ಕೂ ಅವಳು ಆ ಕಟ್ಟಿಗೆ ಬಿಚ್ಚಿಕೊಳ್ಳದಂತೆ ಕೈಯಲ್ಲಿ ಹಿಡಿದೇ ಕೂತಿದ್ದಳು.

ನಾನು ಸಿಂದಗಿಯಲ್ಲೇ ಇರುತ್ತಿದ್ದೆ. ಸುದ್ದಿ ಗೊತ್ತಾಗಿ ಐದು ಗಂಟೆಗೆ ಹೋದೆ. ಶಾಂತವ್ವನಿಗೆ ಔಷಧಿ ಏರುತ್ತಿತ್ತು. ಮಹಾನಂದಾ ಬೆಂಚಿನ ಮೇಲೆ ಕೂತಿದ್ದಳು. ಅವಳ ಅಂಗೈಯಲ್ಲಿ ಕಟ್ಟಿಗೆಯ ಗುರುತು ಕೆಂಪಗೆ ಮೂಡಿತ್ತು. ನನ್ನನ್ನು ನೋಡಿ, "ನೀವು ಕಲಿಸಿದಂಗ ಕಟ್ಟೇನ್ರಿ ಅಕ್ಕೋರ" ಎಂದಳು. ನಾನು ಅವಳ ತಲೆ ನೇವರಿಸಿದೆ. ಆಗಲೂ ನನಗೆ ಹೊಳೆಯಲಿಲ್ಲ.

ಹೊಳೆಸಿದವರು ಡಾಕ್ಟರು. ತಪಾಸಣೆಗೆ ಬಂದಿದ್ದವರೇ. ಹೊರಗೆ ಕರೆದು ಹೇಳಿದರು. "ಕೋಲು ಹಾಕಿ ಮೂರು ಸುತ್ತು ತಿರುವಿದ್ರು. ಹಗ್ಗ ಕಟ್ಟಿದ್ದು, ಕೂದಲ ಕಟ್ಟಿದ್ದು ಎಲ್ಲಾ ನೋಡೇನಿ. ಇಂಥಾ ಕಟ್ಟು ಈ ಭಾಗದಾಗ ನೋಡಿಲ್ಲ." ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ, "ನೀವು ಅದನ್ನ ತಗದಿದ್ರಿ, ಹೌದಲ್ರಿ?" ಎಂದರು.

"ತಗದೀವ್ರಿ" ಎಂದೆ. ಆ ಹೊತ್ತಿಗೆ ಅದು ಸುಳ್ಳು ಎಂದು ನನಗೆ ಗೊತ್ತಿರಲಿಲ್ಲ. 

ಸೋಮವಾರ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ ಕಂಪ್ಯೂಟರು ಹಚ್ಚಿದೆ. ಬಟ್ಟೆಯನ್ನು ಒತ್ತಿದೆ. ಅದು ಹಾರಿ ಬಂದು ಗಂಟಾಯಿತು. ಕೋಲು ತಿರುಗಿತು. "ಶಾಬಾಸ್! ಜೀವ ಉಳೀತು!" ಖಾಲಿ ಕೋಣೆಯಲ್ಲಿ ಚಪ್ಪಾಳೆ ಬಹಳ ಹೊತ್ತು ಆದಂತೆ ಕೇಳಿತು.

ಇಮಾಮಸಾಬರು ಬಂದರು. ಎರಡು ಫೋಲ್ಡರು ತೆರೆದು ಫೈಲುಗಳ ದಿನಾಂಕ ನೋಡಿದರು. ಸಿಡಿಯ ಫೋಲ್ಡರಿನದು ಡಾಕ್ಟರು ಬರುವ ಮೊದಲಿನದು. ಕುರ್ಚಿಯಿಂದ ಎದ್ದು ನಿಂತರು.

"ನಾ ಒತ್ತಿಲ್ರಿ ಅಕ್ಕೋರ. ತಪ್ಪು ನಂದು."

"ಸಿಡಿ ಮಾಡಿದಾಕಿ ನಾನು. ನೋಡಲಿಲ್ಲ."

"ನಡ್ರಿ, ಇಬ್ರೂ ಹೋಗಿ ಹೇಳೂಣು. ಹೆಡ್ ಮಾಸ್ತರಿಗೂ, ಆ ತಾಯಿಗೂ."

ಹೋಗಲು ನಾನು ಒಪ್ಪಲಿಲ್ಲ. ನನ್ನ ಬಳಿ ಒಂದು ಕಾರಣ ಸಿದ್ಧವಾಗಿತ್ತು. "ಹೇಳಿದ್ರ ಆ ಹುಡುಗಿಗೆ ಏನಾಗ್ತದ ವಿಚಾರ ಮಾಡ್ರಿ. ತಾನ ಕೈಯಾರೆ ತಾಯಿಗೆ ಹಿಂಗ ಮಾಡ್ದೆ ಅಂತ ಜನ್ಮಪೂರ್ತಿ ಅನಕೋತಾಳ." ಇಮಾಮಸಾಬರು ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ, "ನೀವು ಕಲತಾವ್ರು. ನಿಮಗ ಹೆಚ್ಚ ತಿಳಿತೈತಿ" ಎಂದು ಕಂಪ್ಯೂಟರು ಆರಿಸಿದರು. ಆ ದಿನದ ನಂತರ ಅವರು ಕಂಪ್ಯೂಟರಿನ ಕೆಲಸ ಮಾಡಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಅಲ್ಲಿಯವರೆಗೂ ಎಲ್ಲಿ ಸಿಕ್ಕರೂ ಮೊದಲು ಕೇಳುತ್ತಿದ್ದುದು, "ಹೇಳಿದ್ರೇನ್ರಿ ಅಕ್ಕೋರ?" ಎಂದು. ಇನ್ನೂ ಇಲ್ಲ ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಚಹಾ ತರಿಸುತ್ತಿದ್ದರು.

ಸಿಡಿಗಳು ಕೆಟ್ಟಿವೆ ಎಂದು ಸುಳ್ಳು ಹೇಳಿ ಹನ್ನೊಂದು ಶಾಲೆಗಳಿಂದ ವಾಪಸು ತರಿಸಿದೆ, ನಾನೇ ಪಬ್ಲಿಷ್ ಒತ್ತಿ ಸರಿಯಾದದ್ದನ್ನು ಕೊಟ್ಟೆ, ಹಳೆಯವನ್ನು ಕತ್ತರಿಸಿದೆ. ನಮ್ಮ ಶಾಲೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಶಾಂತವ್ವನನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದರು. ಜೀವ ಉಳಿಯಿತು. ಬಲಗೈಯ ಮೂರು ಬೆರಳುಗಳನ್ನು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು. ಕಟ್ಟದೇ ಇದ್ದಿದ್ದರೆ ಬೆರಳು ಉಳಿಯುತ್ತಿದ್ದವೇ ಎಂದು ಸಿಂದಗಿಯ ಡಾಕ್ಟರನ್ನು ಒಮ್ಮೆ ಕೇಳಿದೆ. ಅವರು, "ಆ ಹಾವು ಕಟ್ಟು ಇಲ್ಲದಿದ್ರೂ ಬೆರಳು ತಿಂತೈತಿ. ಮೂರೂ ಹೋಗ್ತಿದ್ದುವೋ, ಒಂದೋ, ಯಾರೂ ಹೇಳಾಕ ಬರಂಗಿಲ್ಲ" ಎಂದರು. ಈ ಉತ್ತರವನ್ನು ನಾನು ಎಷ್ಟೋ ಸಲ ನನ್ನ ಪರವಾಗಿ ಬಳಸಿಕೊಂಡಿದ್ದೇನೆ. ಅದು ನನ್ನ ಪರವಾಗಿಲ್ಲ.

ಊರಿನವರಿಗೆ ಮಹಾನಂದಾ ತಾಯಿಯ ಜೀವ ಉಳಿಸಿದ ಹುಡುಗಿ. ಹೆಡ್ ಸರ್ ಜನವರಿ ಇಪ್ಪತ್ತಾರಕ್ಕೆ ಸನ್ಮಾನ ಇಟ್ಟುಕೊಂಡರು. ಕಂಪ್ಯೂಟರ್ ಪಾಠದಿಂದ ಕಲಿತು ಜೀವ ಉಳಿಸಿದಳು ಎಂದು ಭಾಷಣವಾಯಿತು. ಧ್ವಜದ ಕಂಬದ ಕೆಳಗೆ ಅವಳಿಗೆ ಶಾಲು ಹೊದಿಸಿದರು. ಮಕ್ಕಳ ಹಿಂದೆ ಶಾಂತವ್ವ, ಬ್ಯಾಂಡೇಜು ಸುತ್ತಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆಗಲಿಲ್ಲ. ಕೈಕಟ್ಟಿ ನಿಂತೆ. ಅಷ್ಟಾದರೂ ಪ್ರಾಮಾಣಿಕಳಾಗಿದ್ದೆ ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡೆ. ಮರುವರ್ಷ ವರ್ಗಾವಣೆ ಕೇಳಿ ಪಡೆದೆ.

ಕಳೆದ ತಿಂಗಳು ಆ ಬೂದು ಚೌಕವನ್ನು ನೋಡುತ್ತ ಕೂತಿದ್ದಾಗ ಅಶ್ವಿನಿ ಸುಮ್ಮನಿರಲಿಲ್ಲ. "ಇಂಥಾ ಹಳೇ ಫೈಲು ಓಡಸೂದು ಒಂದು ಸಣ್ಣ ಪ್ರೋಗ್ರಾಂ ಬಂದೈತ್ರಿ ಮೇಡಂ. ನಿಮ್ಮ ಮೊಬೈಲಿನ್ಯಾಗೂ ಓಡ್ತೈತಿ, ತಡೀರಿ" ಎಂದಳು. ಫೋನನ್ನು ಅವಳ ಕೈಗೆ ಕೊಟ್ಟೆ. ಅರ್ಧ ತಾಸಿನಲ್ಲಿ ನನ್ನ ಫೋನಿನ ಮೇಲೆ ತೊಗರಿ ಹೊಲ ಕಂಡಿತು. ಅಶ್ವಿನಿ ಬಟ್ಟೆಯನ್ನು ಒತ್ತಿ, ಕೋಲು ತಿರುಗುವುದನ್ನು ನೋಡಿ, "ಅಯ್ಯ, ಇದು ತಪ್ಪಲ್ರಿ? ಮಹಾನಂದಾ ಸಿಸ್ಟರ್ ವರ್ಷಕ್ಕೊಮ್ಮಿ ಬಂದು ಇದನ್ನ ಮಾಡಬ್ಯಾಡ್ರಿ ಅಂತ ನಮ್ಮ ಮಕ್ಕಳಿಗೆ ಹೇಳಿ ಹೋಗ್ತಾರ" ಎಂದಳು.

ಯಾವ ಮಹಾನಂದಾ ಎಂದು ನಾನು ಕೇಳಬೇಕಾಗಿರಲಿಲ್ಲ.

ಆಕೆ ಈಗ ನರ್ಸು. ಸಿಂದಗಿಯಲ್ಲಿ ತಾಯಿಯ ಜೊತೆ ಮನೆ. ಅಂದೇ ಮಧ್ಯಾಹ್ನ ಹೋದೆ. ಡ್ಯೂಟಿ ಮುಗಿಸಿ ಬಂದು ಬಟ್ಟೆ ಮಡಚುತ್ತಿದ್ದಳು. ಶಾಂತವ್ವ ನನ್ನ ಗುರುತು ಹಿಡಿದು ಚಾಪೆ ಹಾಸಿದಳು, ಎರಡು ಬೆರಳಿನ ಕೈಯಿಂದಲೇ ಚಹಾದ ಕಪ್ಪು ತಂದಿಟ್ಟಳು. ನಾನು ಅದನ್ನು ಮುಟ್ಟಲಿಲ್ಲ. ಪಬ್ಲಿಷ್ ಒತ್ತದೇ ಉಳಿದದ್ದು, ನಾನು ಸಿಡಿ ಮಾಡಿದ್ದು, ನೋಡದೇ ಇದ್ದದ್ದು, ಮಹಾನಂದಾ ಬಂದು ಹೇಳಿದಾಗ ತಲೆ ಎತ್ತದೇ ಇದ್ದದ್ದು, ಇಮಾಮಸಾಬರನ್ನು ತಡೆದದ್ದು, ಆ ಪಾಠ ಮಹಾನಂದಾಳ ಆಗಿನ ದನಿಯೊಡನೆ ಈಗ ನನ್ನ ಫೋನಿನಲ್ಲಿರುವುದು ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳಿದೆ.

ಮಹಾನಂದಾ ಮಡಚುವುದನ್ನು ನಿಲ್ಲಿಸಲಿಲ್ಲ. "ಕಟ್ಟಬಾರದಿತ್ತು ಅಂತ ಟ್ರೇನಿಂಗಿನ್ಯಾಗ ಗೊತ್ತಾತ್ರಿ. ಮೊದಲನೇ ವರ್ಷಾನ. ಮನಿಗೆ ಬಂದ ದಿನಾನ ಅವ್ವಗ ಹೇಳೇನಿ."

"ನಿನಗ ನೋವಾಗಬಾರದು ಅಂತ ನಾನು..."

"ನೋವು ಅದಕ್ಕಿಂತ ಮೊದಲ ಆಗಿತ್ರಿ." ಈಗ ನನ್ನ ಕಡೆ ನೋಡಿದಳು. "ಶಾಲು ಹಾಕಿದಾಗ ಎಲ್ಲಾರೂ ಚಪ್ಪಾಳಿ ಹೊಡದ್ರು. ನೀವು ಹೊಡೀಲಿಲ್ಲ. ನಾ ನಿಮ್ಮನ್ನ ನೋಡಕೋತ ನಿಂತಿದ್ದೆ. ಅಕ್ಕೋರಿಗೆ ನನ್ನ ಮ್ಯಾಲೆ ಸಿಟ್ಟು, ನಾ ಕಟ್ಟಿದ್ದು ಸರಿ ಆಗಿಲ್ಲ, ಇನ್ನೊಂದು ಸುತ್ತು ತಿರುವಿದ್ರ ಬೆರಳು ಉಳೀತಿದ್ದುವೇನೋ ಅಂತ ಆರು ವರ್ಷ ಅನಕೊಂಡೇನ್ರಿ. ಕೋಲು ತಗೊಂಡು ಕಿಟಕಿ ಸರಳಿಗೆ ಕಟ್ಟಿ ಕಟ್ಟಿ ನೋಡ್ತಿದ್ದೆ."

 ಅವಳಿಗೆ ನೋವಾಗದಿರಲಿ ಎಂದು ನಾನು ಕಾಪಾಡಿಕೊಂಡು ಬಂದ ಮೌನದೊಳಗೆ ಹನ್ನೆರಡು ವರ್ಷದ ಒಬ್ಬ ಹುಡುಗಿ ಕಿಟಕಿಯ ಸರಳಿಗೆ ಬಟ್ಟೆ ಕಟ್ಟುತ್ತಿದ್ದಳು. ತಪ್ಪಾಯಿತು ಎಂದೆ. ಮಹಾನಂದಾ ಕಪ್ಪನ್ನು ನನ್ನ ಕಡೆ ಸರಿಸಿದಳು. "ಚಹಾ ಆರ್ತೈತಿ ಕುಡೀರಿ" ಎಂದಳು.

ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದ ಶಾಂತವ್ವ ಕೇಳಿದಳು. "ಅಕ್ಕೋರ, ಅಕಿ ಸಣ್ಣಾಕಿ ಇದ್ದಾಗಿನ ದನಿ ಅದರಾಗ ಐತಿ ಅಂದ್ರಲ್ಲ. ಕೇಳಸ್ರಿ."

"ಬ್ಯಾಡವ್ವ" ಎಂದೆ. "ಆ ದನಿ ಬರಬೇಕಂದ್ರ ಆ ಬಟ್ಟೀನ ಒತ್ತಬೇಕು. ಬ್ಯಾರೆ ದಾರಿ ಇಲ್ಲ ಅದರಾ‌ಗ."

"ಒತ್ತೂಣು. ನಂದೇನು ಇನ್ನ ಹೋಗೂದೈತಿ?"

ಮಹಾನಂದಾಳ ಮುಖ ನೋಡಿದೆ. ಅವಳು ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ.

ಫೋನನ್ನು ಚಾಪೆಯ ಮೇಲಿಟ್ಟೆ. ಬಟ್ಟೆಯ ಮೇಲೆ ಬೆರಳಿಟ್ಟೆ. ಅದು ಹಾರಿ ಬಂದು ಮೀಸೆಯ ಮನುಷ್ಯನ ಮಣಿಕಟ್ಟಿಗೆ ಗಂಟಾಯಿತು. ಇಮಾಮಸಾಬರು ಒಂದೊಂದಾಗಿ ಬರೆದ ನೆರಿಗೆಗಳು ಕೂಡಿಕೊಂಡವು. "ಶಾಬಾಸ್! ಜೀವ ಉಳೀತು!" ದನಿಯ ಬೆನ್ನಿಗೇ ಆಡು ಅರಚಿತು. ಆಮೇಲೆ ಚಪ್ಪಾಳೆ.

"ಅಯ್ಯ ನಮ್ಮ ಚಂದ್ರಿ!" ಎಂದು ಶಾಂತವ್ವ ನಕ್ಕಳು. ಆಡಿನ ಹೆಸರು. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿದವು. "ಕೇಳಿದೇನ ಮಾನಂದಾ, ಚಂದ್ರೀನೂ ಐತಿ ಇದರಾಗ! ಎಷ್ಟು ಎಳೇದಿತ್ತ ನಿನ್ನ ದನಿ."  

"ಇನ್ನೊಮ್ಮಿ" ಎಂದಳು ಶಾಂತವ್ವ.  ಅವಳು ಫೋನನ್ನು ತನ್ನ ಕಡೆ ಎಳೆದುಕೊಂಡು, ಉಳಿದಿದ್ದ ಕಿರುಬೆರಳಿನಿಂದ ತಾನೇ ಆ ಬಟ್ಟೆಯನ್ನು ಒತ್ತಿದಳು. ಕೋಲು ತಿರುಗತೊಡಗಿತು. ಕಣ್ಣು ತೆಗೆಯದೆ ನೋಡಿದೆ. ಒಂದು ಸುತ್ತು. ಎರಡು. ಮೂರು.